ಉಸುಕು ಸಾಣಿಸುವ ಕೆಲಸ

ರೊಟ್ಟಿಯ ಎರಡನೆಯ ತುತ್ತಿಗೇ ನಮ್ಮ ಆಯಿಯ, ಅಂದರೆ ಅಪ್ಪನ ಅವ್ವನ ಬಾಯಲ್ಲಿ ಕರ್ ಎಂದಿತು. ಅವಳು ತುತ್ತನ್ನು ಅಂಗೈಗೆ ಉಗುಳಿಕೊಂಡು ಬೆರಳಿನಿಂದ ಕೆದಕಿ ನೋಡಿದಳು. ಆಮೇಲೆ ಆ ಅಂಗೈಯನ್ನು ನೇರವಾಗಿ ಅಣ್ಣನ ಗಂಗಾಳದ ಮುಂದೆ ಹಿಡಿದಳು.

"ನೋಡೋ ಅನಿಲ್ಯಾ, ನಿನ್ನ ಮಷಿನ್ ನನ್ನ ಬಾಯಾಗ ಬಂದೈತಿ."

"ಜ್ವಾಳದಾಗಿನ ಹಳ್ಳು ಇರಬೇಕು ಬಿಡಬೇ ಆಯಿ," ಎಂದ ಅಣ್ಣ, ಪುಂಡಿಪಲ್ಯ ಕಲಸುತ್ತಲೇ.

"ಹುಟ್ಟಿದಾಗಿಂದ ಜ್ವಾಳದ ರೊಟ್ಟಿ ತಿಂದೇನಿ. ಹಳ್ಳು ಯಾವುದು, ಉಸುಕು ಯಾವುದು ನನಗ ಗೊತ್ತಾಗಂಗಿಲ್ಲ?"

"ಒಂದು ಹರಳಿನ ಸಲುವಾಗಿ ಎಷ್ಟು ಪಂಚಾಯ್ತಿ ಮಾಡ್ತೀರಿ. ಉಂಡು ಏಳ್ರಿ," ಎಂದು ಅಪ್ಪ ಟಿ.ವಿ.ಯಿಂದ ಮುಖ ತಿರುಗಿಸದೆ ಹೇಳಿದ.

ಅವ್ವ ಆಯಿಯ ಗಂಗಾಳದಿಂದ ಆ ರೊಟ್ಟಿಯನ್ನು ತೆಗೆದು ಬೇರೆಯದನ್ನು ಇಟ್ಟಳು. ತೆಗೆದ ರೊಟ್ಟಿಯನ್ನು ತಾನು ತಿಂದಳು. ನಮ್ಮ ಮನೆಯಲ್ಲಿ ಕೆಟ್ಟದ್ದೇನಿದ್ದರೂ ಕೊನೆಗೆ ಹೋಗಿ ಮುಟ್ಟುವುದು ಅವ್ವನ ಗಂಗಾಳವನ್ನು.

ಆಯಿ ಹೇಳಿದ ಮಷಿನ್ ನಮ್ಮ ಇಳಕಲ್ಲಿನ ಮನೆಯ ಹಿತ್ತಲಿನಲ್ಲಿ, ತಗಡಿನ ಚಪ್ಪರದ ಕೆಳಗೆ ಇತ್ತು. ಅಣ್ಣ ಫಕ್ರುಸಾಬನ ಗ್ರಿಲ್ ಅಂಗಡಿಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದವನು. ದೀಪಾವಳಿ ಕಳೆದ ಮೇಲೆ, ಇನ್ನೊಬ್ಬರ ಕೈಕೆಳಗೆ ಎಷ್ಟು ದಿನ ಎಂದು ಹೊರಬಿದ್ದ. ಮೊಬೈಲಿನಲ್ಲಿ ನೋಡಿ ನೋಡಿ, ಹುಬ್ಬಳ್ಳಿಗೆ ಹೋಗಿ ಒಂದು ಸ್ಯಾಂಡ್‌ಬ್ಲಾಸ್ಟರ್ ತಂದ. ಮೊಣಕಾಲೆತ್ತರದ ಕೆಂಪು ಟ್ಯಾಂಕು, ಅದಕ್ಕೊಂದು ದಪ್ಪ ಪೈಪು, ಪೈಪಿನ ತುದಿಗೆ ಪಿಸ್ತೂಲಿನಂಥ ಹಿಡಿಕೆ, ಪಕ್ಕದಲ್ಲಿ ಗುಡುಗುಡಿಸುವ ಕಂಪ್ರೆಸರ್. ಟ್ಯಾಂಕಿಗೆ ಉಸುಕು ಸುರಿದು ಗಾಳಿಯ ಒತ್ತಡದಿಂದ ಕಬ್ಬಿಣದ ಮೇಲೆ ಬಿಟ್ಟರೆ ತುಕ್ಕೂ ಹೋಗುತ್ತದೆ, ಹಳೆಯ ಬಣ್ಣವೂ ಹೋಗುತ್ತದೆ.

ಮೊದಲ ದಿನ ಅದನ್ನು ನೋಡಿ ಹಿಗ್ಗಿದವರಲ್ಲಿ ನಾನೂ ಇದ್ದೆ. ಅವ್ವ ತವರುಮನೆ ಕಲಾದಗಿಯಿಂದ ತಂದ ಟ್ರಂಕು ಅಟ್ಟದ ಮೇಲೆ ಜಂಗು ತಿಂದು ಬಿದ್ದಿತ್ತು. ಅಣ್ಣ ಅದನ್ನೇ ಮೊದಲು ತಂದಿಟ್ಟ. ಪಿಸ್ತೂಲು ಹಿಡಿದು ಅತ್ತಿಂದಿತ್ತ ಆಡಿಸುತ್ತಿದ್ದಂತೆ ಕೆಂಪು ಜಂಗು ಹೊಗೆಯಾಗಿ ಹಾರಿ, ಕೆಳಗಿನಿಂದ ಬೂದುಬಣ್ಣದ ಹೊಸ ತಗಡು ಎದ್ದುಬಂತು. ಮುಚ್ಚಳದ ಮೇಲೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ ಕಾಣಿಸಿದವು. ಸತ್ಯವ್ವ.

ಅವ್ವ ಅದರ ಮೇಲೆ ಬೆರಳಾಡಿಸಿ, "ಏ, ನನ್ನ ಹೆಸರು ಇನ್ನೂ ಐತಿ!" ಎಂದು ನಕ್ಕಳು.

"ನೋಡಬೇ, ನಿನ್ನೂ ಹಿಂಗ ಹೊಸಬಳನ್ನ ಮಾಡಿಬಿಡ್ತೇನಿ," ಎಂದ ಅಣ್ಣ.

"ನನಗೇನ ಜಂಗು ಹಿಡದಿಲ್ಲ ಹೋಗೋ," ಎಂದಳು ಅವ್ವ.

ಆಮೇಲೆ ಕೆಲಸ ಬರತೊಡಗಿತು. ಕಿಟಕಿಯ ಗ್ರಿಲ್ಲು, ಗೇಟು, ತಿಜೂರಿ, ಹೊಲಿಗೆ ಮಷಿನ್ನಿನ ಕಾಲು. ಅಣ್ಣ ಬಿಟ್ಟುಬಂದ ಫಕ್ರುಸಾಬನೇ, "ತಮ್ಮಾ, ಸಿಟ್ಟು ಸಿಟ್ಟಿನ ಜಾಗಾದಾಗ ಇರಲಿ, ಈ ಗೇಟ್ ಬೆಳ್ಳಗ ಮಾಡಿಕೊಡು," ಎಂದು ಗಾಡಿಯಲ್ಲಿ ಹೇರಿ ಕಳಿಸಿದ. ಅಣ್ಣ ಉಮೇದಿನಿಂದ ಓಡಾಡುತ್ತಿದ್ದ. ರಿಟೈರ್ ಆಗಿ ಮನೆಯಲ್ಲಿದ್ದ ಅಪ್ಪ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರಿಗೆಲ್ಲ, "ನಮ್ಮ ಹುಡುಗ ಮನ್ಯಾಗ ಫ್ಯಾಕ್ಟರಿ ಹಾಕ್ಯಾನ," ಎನ್ನುತ್ತಿದ್ದ.

ಆ ಫ್ಯಾಕ್ಟರಿಯ ಹೊಟ್ಟೆ ತುಂಬುವುದು ಉಸುಕಿನಿಂದ. ಉಸುಕು ಸ್ವಲ್ಪ ಹಸಿಯಿದ್ದರೂ ಪೈಪಿನಲ್ಲಿ ಕಟ್ಟುತ್ತದೆ. ಒಂದು ದಪ್ಪ ಹರಳು ಸೇರಿದರೂ ಪಿಸ್ತೂಲಿನ ಬಾಯಿ ಮುಚ್ಚುತ್ತದೆ. ಆದ್ದರಿಂದ ಮಾಳಿಗೆಯ ಮೇಲೆ ಹರವಿ ಒಣಗಿಸಬೇಕು, ಬುಟ್ಟಿಯಲ್ಲಿ ಕೆಳಗಿಳಿಸಬೇಕು, ಜರಡಿಯಾಡಿಸಿ ಸಾಣಿಸಬೇಕು, ಟ್ಯಾಂಕಿಗೆ ತುಂಬಬೇಕು. ಹೊಡೆದಾದ ಮೇಲೆ ನೆಲದ ಮೇಲೆ ಬಿದ್ದದ್ದನ್ನು ಗುಡಿಸಿ, ಜಂಗಿನ ಚಕ್ಕೆ, ಬಣ್ಣದ ಸಿಪ್ಪೆ ಬೇರೆಮಾಡಿ, ಮತ್ತೆ ಸಾಣಿಸಬೇಕು. ಒಂದೇ ಉಸುಕನ್ನು ತಿರುತಿರುಗಿ ಹೊಡೆಯುತ್ತಿದ್ದ ಅಣ್ಣ. ಒಂದೊಂದು ಸಲಕ್ಕೂ ಅದು ಒಡೆದು ಒಡೆದು, ಕೊನೆಗೆ ಉಸುಕು ಎನ್ನಲು ಬಾರದಂತೆ, ಮೈದಾ ಹಿಟ್ಟಿನ ಹಾಗೆ ಆಗುತ್ತಿತ್ತು. ಅಂಗಡಿಯಲ್ಲಿ ಸಿಗುವ ಜಾಳು ಜರಡಿ ಸಾಲದೆ ಅಡುಗೆಮನೆಯ ಸಾಣಿಗೆಯೇ ಹಿತ್ತಲಿಗೆ ಹೋಯಿತು. ರೊಟ್ಟಿಯ ಹಿಟ್ಟಿಗೆ ಬೇರೆ ಸಾಣಿಗೆ ಬಂತು. ಆದರೆ ಸಾಣಿಸುವ ಕೈ ಎರಡಕ್ಕೂ ಅವೇ.

ಪಿಸ್ತೂಲು ಹಿಡಿಯುವುದು ಅಣ್ಣನ ಕೆಲಸ. ಉಳಿದದ್ದಕ್ಕೆ ನಮ್ಮ ಮನೆಯಲ್ಲಿ ಕೆಲಸವೆಂಬ ಹೆಸರೇ ಇರಲಿಲ್ಲ. "ಒಂಚೂರು ಉಸುಕು ಸಾಣಿಸಿಡ್ರಿ," ಎಂದು ಅಣ್ಣ ಹೇಳುವುದು, ಒಂಚೂರು ಚಾ ಮಾಡ್ರಿ ಎಂದಂತೆ ಇರುತ್ತಿತ್ತು. ಅವ್ವ, ವೈನಿ, ನಾನು ಮೂವರೂ ಕುಳಿತುಕೊಳ್ಳುತ್ತಿದ್ದೆವು. ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ವೈನಿ ಶೀಲಾ, ಹುನಗುಂದ ತಾಲೂಕಿನ ಮರೋಳದವಳು, ಅಣ್ಣನ ಹೆಂಡತಿಯಾಗಿ ಬಂದು ಇನ್ನೂ ಎರಡು ಯುಗಾದಿ ಕಂಡಿರಲಿಲ್ಲ.

ಮಷಿನ್ನಿನ ಜೊತೆ ಒಂದು ಟೊಪ್ಪಿಗೆಯೂ ಬಂದಿತ್ತು. ತಲೆಯಿಂದ ಎದೆಯವರೆಗೆ ಇಳಿಬೀಳುವ ದಪ್ಪ ಬಟ್ಟೆ, ಕಣ್ಣಿನ ಮುಂದೆ ಗಾಜು, ಮೂಗಿನ ಹತ್ತಿರ ಗಾಳಿ ಸೋಸುವ ಎರಡು ಗುಂಡನೆಯ ಡಬ್ಬಿ. ಅಣ್ಣ ಅದನ್ನು ಹಾಕದೆ ಎಂದೂ ಪಿಸ್ತೂಲು ಹಿಡಿಯಲಿಲ್ಲ. ಅವನಿಗೆ ಅಷ್ಟು ತಿಳಿದಿತ್ತು. ಕೆಲಸ ಮುಗಿದ ಮೇಲೆ ಟೊಪ್ಪಿಗೆ ಕಳಚಿ ಗೂಟಕ್ಕೆ ತೂಗುಹಾಕಿ, ಮುಖ ತೊಳೆದುಕೊಂಡು, "ಹೂಂ, ಈಗ ಗುಡಿಸ್ರಿ," ಎಂದು ಒಳಗೆ ಹೋಗುತ್ತಿದ್ದ. ನಾವು ಸೆರಗು ಓಢಣಿ ಮೂಗಿಗೆ ಸುತ್ತಿಕೊಂಡು ಆ ಬಿಳಿ ಹೊಗೆಯೊಳಕ್ಕೆ ನಡೆಯುತ್ತಿದ್ದೆವು. ಗೂಟದ ಮೇಲಿನ ಟೊಪ್ಪಿಗೆ ತನ್ನ ಗಾಜಿನ ಕಣ್ಣಿನಿಂದ ನಮ್ಮನ್ನು ನೋಡುತ್ತಿತ್ತು.

ಆಯಿ ಬೆಳಿಗ್ಗೆ ಲಿಂಗಪೂಜೆಗೆಂದು ಮುಚ್ಚಿಟ್ಟ ನೀರಿನ ಮೇಲೂ ತೆಳ್ಳಗೆ ಧೂಳಿನ ಕೆನೆ ಕಟ್ಟುತ್ತಿತ್ತು. ಅವಳು ಅದನ್ನು ಚೆಲ್ಲಿ ಬೇರೆ ನೀರು ತರಿಸುತ್ತಿದ್ದಳು. ಚೆಲ್ಲುವಾಗ ಪ್ರತಿದಿನ ಒಂದೇ ಮಾತು: "ಇದನ್ನ ನಾ ನೋಡೇನಿ. ಈ ಮನ್ಯಾಗ ಇದು ಹೊಸಾದಲ್ಲ."

ಮುತ್ಯಾ, ಅಂದರೆ ಆಯಿಯ ಗಂಡ, ಗ್ರಾನೈಟ್ ಖಣಿಯಲ್ಲಿ ಬಂಡೆಗೆ ತೂತು ಕೊರೆಯುತ್ತಿದ್ದ. ನಾನು ಹುಟ್ಟುವ ಮೊದಲೇ ಕೆಮ್ಮಿ ಕೆಮ್ಮಿ ಸತ್ತನಂತೆ. ಅವನು ಸತ್ತ ಮೇಲೆ ಖಣಿಯ ಮಾಲಕ ಅಪ್ಪನಿಗೆ ತನ್ನ ಪಾಲಿಶ್ ಕಾರಖಾನೆಯ ಆಫೀಸಿನಲ್ಲಿ ನೌಕರಿ ಕೊಟ್ಟ. ಅಂದಿನಿಂದ ಅಪ್ಪ ಮುತ್ಯಾನ ಸಾವಿನ ಮಾತು ಬಂದಾಗಲೆಲ್ಲ, "ಬೀಡಿ ಭಾಳ ಸೇದತಿದ್ದ," ಎನ್ನುತ್ತಾನೆ. ಮಾಲಕರು ಹೇಳಿದ ಮಾತನ್ನೇ ಹೇಳುತ್ತ ಹೇಳುತ್ತ ಅಪ್ಪನಿಗೆ ಅದು ನಿಜವೇ ಆಗಿಬಿಟ್ಟಿದೆ.

ಮೊದಲ ಜಗಳ ಹೊರಗಿನಿಂದ ಬಂತು. ಪಕ್ಕದ ಮನೆಯ ಅಬೇದಾ ಸೀರೆ ನೇಯುತ್ತಾಳೆ. ಅವಳು ಓಣಿಯುದ್ದಕ್ಕೂ ರೇಷ್ಮೆ ಎಳೆಗಳ ಹಾಸು ಎಳೆದು ಹಿಡಿಸಿದ್ದ ದಿನವೇ ಅಣ್ಣ ಫಕ್ರುಸಾಬನ ಗೇಟಿಗೆ ಕೈಹಚ್ಚಿದ. ಗಾಳಿ ಆ ಕಡೆಗಿತ್ತು.

"ಸತ್ಯಕ್ಕಾ, ಹೊರಗ ಬಾ! ಬಂದು ನನ್ನ ರೇಶ್ಮಿ ನೋಡು!" ಅಬೇದಾಳ ಧ್ವನಿ ಓಣಿಗೆಲ್ಲ ಕೇಳಿತು. "ಪೌಡರ್ ಬಡಕೊಂಡ ಮದುಮಗಳಂಗ ಆಗೇತಿ. ಇದನ್ನ ಯಾವ ಸೇಠ್ ತಗೋತಾನ?"

ಅವ್ವ ಸೆರಗಿನಿಂದ ದಾರಗಳನ್ನು ಒರೆಸಲು ಹೋದಳು. "ಒರಸಬ್ಯಾಡಬೇ, ಎಳಿ ಹರೀತಾವು," ಎಂದು ಅಬೇದಾ ಕೈ ಹಿಡಿದಳು. ಹಿಡಿದವಳು ಅವ್ವನ ಮುಖ ನೋಡಿ ತಡೆದಳು. "ಏನಬೇ ಸತ್ಯಕ್ಕಾ, ನಿನ್ನ ಹುಬ್ಬೆಲ್ಲಾ ಬೆಳ್ಳಗ ಆಗ್ಯಾವ. ನನ್ನ ರೇಶ್ಮಿಗಿಂತ ನೀನ ಹೆಚ್ಚು ಬಳಕೊಂಡಿ."

ಅಪ್ಪ ಹೊರಗೆ ಬಂದು ಕೈಮುಗಿದ. "ತಪ್ಪಾತವ್ವಾ ಅಬೇದಾ. ಮಂದೀ ವಸ್ತುವಿಗೆ ಲುಕ್ಸಾನ ಆಗಬಾರದು. ಇವತ್ತ ಬಂದೋಬಸ್ತ್ ಮಾಡಸ್ತೇನಿ."

ಮಾಡಿಸಿದ. ಅಂದೇ ಸಂಜೆ ಅಣ್ಣ ಚಪ್ಪರದ ಮೂರೂ ಕಡೆ ತಾಡಪತ್ರಿಯ ದಪ್ಪ ಪರದೆ ಕಟ್ಟಿದ. ನಾಲ್ಕನೆಯ ಕಡೆ ನಮ್ಮ ಅಡುಗೆಮನೆಯ ಬಾಗಿಲು. ಸಾಣಿಸುವುದು ಕೂಡ ಇನ್ನು ಬಯಲಲ್ಲಿ ಬೇಡ, ಗಾಳಿಗೆ ಹಾರುತ್ತದೆ, ತಾಡಪತ್ರಿಯ ಒಳಗೇ ಕುಳಿತು ಸಾಣಿಸಿ ಎಂದಾಯಿತು. ಅಬೇದಾಳ ರೇಷ್ಮೆ ಉಳಿಯಿತು. ಓಣಿಗೆ ಹೋಗುತ್ತಿದ್ದ ಧೂಳೆಲ್ಲ ಮೂರು ಹೆಂಗಸರ ಸುತ್ತ ನಿಂತಿತು. ರೇಷ್ಮೆಗೆ ಸಿಕ್ಕ ಕಾಳಜಿಯ ಒಂದು ಎಳೆಯೂ ನಮ್ಮ ಮೂಗಿಗೆ ಸಿಗಲಿಲ್ಲ.

"ಒಳಗ ಉಸಿರು ಕಟ್ಟತೈತ್ರಿ," ಎಂದು ವೈನಿ ಅಣ್ಣನಿಗೆ ಹೇಳಿದಳು.

"ಮೂಗಿಗೆ ಪದರಾ ಕಟ್ಟಿಕೋರಿ ಗಟ್ಟಿಯಾಗಿ."

"ನೀವೂ ಪದರಾ ಕಟ್ಟಿಕೊಂಡ ಹೊಡೀರಿ ಮತ್ತ. ಟೊಪಗಿ ಯಾಕ?"

"ನನ್ನ ಮಾರಿಗೆ ಉಸುಕು ಸಿಡೀತೈತಿ. ನಿಮ್ಮದು ಬರೇ ಸಾಣಿಸೂದು."

ಬರೇ ಸಾಣಿಸೂದು. ಈ ಮಾತು ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿಯಂತೆ ಕೈಯಿಂದ ಕೈಗೆ ಓಡಾಡುತ್ತಿತ್ತು.

ಶಿವರಾತ್ರಿಯ ಹೊತ್ತಿಗೆ ವೈನಿ ಬಸುರಿಯೆಂದು ತಿಳಿಯಿತು. ಅವ್ವ ಸಿಹಿಗೆಂದು ಮಾದೇಲಿ ಮಾಡಿದಳು. ಊಟಕ್ಕೆ ಕುಳಿತಾಗ ಅಪ್ಪ ಎಂದಿಲ್ಲದ ಮೆತ್ತಗಿನ ಧ್ವನಿಯಲ್ಲಿ ಹೇಳಿದ: "ಶೀಲಾ, ಇವತ್ತಿಂದ ನೀ ಹಿತ್ತಲಕ್ಕ ಕಾಲಿಡಬ್ಯಾಡವಾ. ಆ ಧೂಳು ಹೊಟ್ಟ್ಯಾಗಿನ ಕೂಸಿಗೆ ಛಲೋ ಅಲ್ಲ."

ನಾನು ಕೈಯಲ್ಲಿದ್ದ ತುತ್ತನ್ನು ಗಂಗಾಳದಲ್ಲೇ ಬಿಟ್ಟೆ. ಅಂದರೆ ಅಪ್ಪನಿಗೆ ಗೊತ್ತಿತ್ತು. ಇಷ್ಟು ದಿನವೂ ಗೊತ್ತಿತ್ತು.

ವೈನಿ ಗಂಡನ ಕಡೆ ನೋಡಿದಳು, ಆಮೇಲೆ ಮಾವನ ಕಡೆ. "ಮಾವಾರ, ಆ ಧೂಳು ನನಗ ಆಗಿಬರಂಗಿಲ್ಲ ಅಂದ್ರ ಅತ್ತಿಗೆ ಆಗಿಬರತೈತೇನ್ರಿ?"

"ಅಕಿಗೆ ರೂಢಿ ಐತಿ," ಎಂದ ಅಪ್ಪ.

"ಧೂಳು ತಿನ್ನೂ ರೂಢಿ ಯಾರಿಗೆ ಇರತೈತೋ ಅಂದಪ್ಪ?" ಎಂದಳು ಆಯಿ ಮೂಲೆಯಿಂದ.

"ನೀ ಸುಮ್ನಿರಬೇ. ನಾ ಇಡೀ ಜಲ್ಮ ಕಲ್ಲಿನ ಧೂಳಿನ್ಯಾಗ ಕಳದೇನಿ. ನನಗೇನಾಗೇತಿ? ಗಟ್ಟಮುಟ್ಟ ಅದೇನಿ."

"ನೀ ಗಾಜಿನ ಖೋಲ್ಯಾಗ ಫ್ಯಾನ್ ಹಚ್ಕೊಂಡು ಕುಂತಿದ್ದಿ. ಧೂಳು ತಿಂದಾಂವ ನಿಮ್ಮಪ್ಪ. ಅವನ ಹೆಣಾ ಹೊತ್ತಾವ್ರು ಇನ್ನೂ ಈ ಓಣ್ಯಾಗ ಅದಾರ, ಬೇಕಾದ್ರ ಕೇಳು."

"ಬೀಡಿ ಸೇದಿ ಸತ್ತಾವಂದು ಈಗ್ಯಾಕ ತಗೀತಿ..."

"ಅಂದಪ್ಪ!" ಆಯಿ ಕೈಯೆತ್ತಿದಳು. "ಅವನ ಕೊಳ್ಳಾಗ ಲಿಂಗ ಇತ್ತು. ಅಂವ ಬೀಡಿ ಮುಟ್ಟಿದಾಂವ ಅಲ್ಲ. ನಿನ್ನ ನೌಕರಿ ಸಲುವಾಗಿ ಅವನ ಕೈಯಾಗ ನೀ ಬೀಡಿ ಇಟ್ಟಿ. ನಾ ಸತ್ತಮ್ಯಾಲ ನನ್ನ ಕೈಯಾಗ ಏನ ಇಡಾವ ಅದಿ?"

ಅಪ್ಪ ಎದ್ದು ಕೈತೊಳೆದ. ಟಿ.ವಿ. ಹಚ್ಚಿ ಸಪ್ಪಳ ಹೆಚ್ಚಿಸಿದ. ಮಾತು ತನಗೆ ಬೇಡವಾದಾಗ ಅಪ್ಪ ಮಾಡುವುದು ಇದನ್ನೇ. ಆ ದಿನ ಮಾದೇಲಿ ಅರ್ಧಕ್ಕರ್ಧ ಉಳಿಯಿತು.

ವೈನಿಯ ಪಾಲಿನ ಬುಟ್ಟಿಗಳು ಅವ್ವನ ಪಾಲಿಗೆ ಬಂದವು. ನಾನು ಹೋಗಿ ಸಾಣಿಗೆ ಕಸಿದುಕೊಂಡರೆ ಅವ್ವ ಕೊಡುತ್ತಿರಲಿಲ್ಲ.

"ನೀ ಒಳಗ ಹೋಗು ಮಹೇಶಿ. ಅನ್ನಕ್ಕಿಡು."

"ಇಟ್ಟೇನಿ. ಕೊಡು ಇಲ್ಲೆ."

"ನಾಳೆ ನಿನ್ನ ನೋಡಾಕ ಬಂದಾವ್ರ ಮುಂದ ಖೊಕ್ ಖೊಕ್ ಅಂತ ಕೆಮ್ಮಿದ್ರ ಏನ ಹೇಳ್ಲಿ? ಹೋಗಂದ್ರ ಹೋಗು."

ಸೊಸೆಯ ಹೊಟ್ಟೆಯಲ್ಲಿ ಕೂಸಿದೆ, ಮಗಳ ಮದುವೆಯಾಗಬೇಕು, ಗಂಡನಿಗೆ ಮರ್ಯಾದೆಯಿದೆ, ಮಗನಿಗೆ ಟೊಪ್ಪಿಗೆಯಿದೆ. ಹೀಗೆ ಎಲ್ಲರನ್ನೂ ಬದಿಗೆ ಸರಿಸುತ್ತ ಬಂದರೆ ಧೂಳಿನಲ್ಲಿ ಉಳಿಯುವವಳು ಒಬ್ಬಳೇ. ಅದನ್ನು ಅವಳೂ ಒಪ್ಪಿಕೊಂಡುಬಿಟ್ಟಿದ್ದು ನೋಡಿ ನನಗೆ ಅವಳ ಮೇಲೂ ಸಿಟ್ಟು ಬರುತ್ತಿತ್ತು.

ಕೆಮ್ಮು ಹೋಳಿಹುಣ್ಣಿಮೆಯ ಸುಮಾರಿಗೆ ಶುರುವಾಯಿತು. ಮೊದಲು ಬೆಳಿಗ್ಗೆಗಷ್ಟೇ ಇತ್ತು. ಆಮೇಲೆ ರೊಟ್ಟಿ ಬಡಿಯುವಾಗ ನಡುನಡುವೆ ಕೈ ನಿಲ್ಲತೊಡಗಿತು. ರೊಟ್ಟಿ ಬಡಿಯುವ ಸಪ್ಪಳ ನಮ್ಮ ಮನೆಯಲ್ಲಿ ಒಂದೇ ಲಯದಲ್ಲಿ ಸಾಗುವಂಥದ್ದು. ಈಗ ಪಟಪಟ ಎಂದು ಹೋಗುತ್ತ ಹೋಗುತ್ತ ಕಡಿಯುತ್ತಿತ್ತು, ಕೆಮ್ಮು ಬರುತ್ತಿತ್ತು, ಮತ್ತೆ ಪಟಪಟ. ಮಾಳಿಗೆಯ ಮೆಟ್ಟಿಲ ನಡುವೆ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನಿಂತುಬಿಡುತ್ತಿದ್ದಳು, ಯಾರಾದರೂ ನೋಡಿದರೆ ಬಿಸಿಲು ನೋಡುತ್ತಿರುವವಳಂತೆ ಮೇಲೆ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಆಯಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಹಿತ್ತಲಿನಿಂದ ಕೆಮ್ಮು ಕೇಳಿಸಿತು. ಆಯಿಯ ಕೈ ಹಾಗೆಯೇ ನಿಂತಿತು.

"ಅದು ಯಾರು ಕೆಮ್ಮಿದ್ದು?"

"ಅವ್ವ," ಎಂದೆ.

"ಅಲ್ಲ. ಅದು ನಿಮ್ಮ ಮುತ್ಯಾ," ಎಂದಳು ಆಯಿ. ಸುಲಿದ ಶೇಂಗಾವನ್ನು ಮೊರದಲ್ಲೇ ಬಿಟ್ಟು ಗೋಡೆ ಹಿಡಿದುಕೊಂಡು ಎದ್ದಳು. ಬಹಳ ದಿನಗಳಿಂದ ಹಿತ್ತಲಿಗೆ ಹೋಗದವಳು ಹೋಗಿ ತಾಡಪತ್ರಿ ಸರಿಸಿ, ಅವ್ವನ ರಟ್ಟೆ ಹಿಡಿದಳು. "ಏಳು ಸತ್ಯವ್ವ. ಏಳಂದ್ರ ಏಳು. ದವಾಖಾನಿಗೆ ಹೊಂಡು."

ಅಣ್ಣ ಮುಜುಗರದಿಂದ, "ನಾಳೆ ಕರಕೊಂಡು ಹೋಗ್ತಾರ ತಗೋಬೇ," ಎಂದ. ಬಾದಾಮಿಯ ಒಂದು ಲಾಡ್ಜಿನ ಬಾಲ್ಕನಿ ಗ್ರಿಲ್ಲುಗಳು ಆಗಷ್ಟೇ ಬಂದು ಇಳಿದಿದ್ದವು. ಅದು ಅವನಿಗೆ ಸಿಕ್ಕ ಎಲ್ಲಕ್ಕಿಂತ ದೊಡ್ಡ ಕೆಲಸ. ಅವುಗಳನ್ನು ಗೋಡೆಗೆ ಆನಿಸಿ ಜೋಡಿಸುತ್ತಲೇ ಅವನು ಅಷ್ಟು ಹೇಳಿದ. ಅವ್ವನ ಕಡೆ ನೋಡಲಿಲ್ಲ.

ಬಾಗಲಕೋಟೆಯ ಎದೆ ಡಾಕ್ಟರರ ಕಡೆಗೆ ಅಪ್ಪ, ಅವ್ವ, ನಾನು ಹೋದೆವು. ಡಾಕ್ಟರು ವಯಸ್ಸಾದ ಹೆಣ್ಣುಮಗಳು. ಅವ್ವನ ಬೆನ್ನಿಗೆ ಕೊಳವೆಯಿಟ್ಟು ಕೇಳಿದರು. ಎದೆಯ ಫೋಟೋ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು.

"ಏನ ಕೆಲಸಾ ಮಾಡ್ತೀರಿ ತಾಯಿ?"

ಅವ್ವ ಬಾಯಿ ತೆರೆಯುವುದರೊಳಗೆ ಅಪ್ಪ ಹೇಳಿದ: "ಏನೂ ಇಲ್ಲರಿ. ಮನ್ಯಾಗ ಇರತಾಳ."

"ಕಲ್ಲಿನ ಕೆಲಸ, ಸಿಮೆಂಟ್, ಹತ್ತಿ ಮಿಲ್ಲು... ಎಲ್ಲೂ ಇಲ್ಲ?"

"ಛೇ ಛೇ. ನಮ್ಮ ಮನಿ ಹೆಣ್ಣಮಕ್ಕಳು ಹೊರಗ ದುಡ್ಯಾಕ ಹೋಗಂಗಿಲ್ಲರಿ. ಮನ್ಯಾಗ ಆರಾಮ ಇರತಾಳ."

ನಾನು ಅವ್ವನ ಕಡೆ ನೋಡಿದೆ. ಅವಳು ತನ್ನ ಕೈಗಳನ್ನು ಸೆರಗಿನ ಕೆಳಗೆ ಎಳೆದುಕೊಳ್ಳುತ್ತಿದ್ದಳು. ಉಗುರಿನ ಸಂದಿಯಲ್ಲಿ ಬಿಳಿಯ ಧೂಳು ಕುಳಿತಿತ್ತು, ತೊಳೆದರೂ ಹೋಗದೆ. ಹೊರಗಿನವರ ಮುಂದೆ ನನ್ನ ಬಾಯಿಂದ ಮಾತು ಹೊರಡುವುದೇ ಕಡಿಮೆ. ಆದರೂ ಹೇಳಿದೆ. "ಉಸುಕು ಸಾಣಿಸ್ತಾಳ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಂಥಾ ಉಸುಕು?"

ಹೇಳಿದೆ. ಮಷಿನ್, ಚಪ್ಪರ, ತಾಡಪತ್ರಿ, ಮತ್ತೆ ಮತ್ತೆ ಸಾಣಿಸುವುದು, ಎಲ್ಲ. ಅವರು ಅಪ್ಪನನ್ನು ದಿಟ್ಟಿಸಿ ನೋಡಿದರು.

"ಯಜಮಾನ್ರ, ಹಾರೂದು ಕಾಣತೈತಲ್ಲ, ಆ ಧೂಳು ಮೂಗಿನ್ಯಾಗ ನಿಂದರತೈತಿ. ಕಾಣಲಾರದ್ದು ಒಳಗ ಪುಪ್ಪಸದಾಗ ಹೋಗಿ ಕುಂಡ್ರತೈತಿ. ಹೊಡೆದಷ್ಟೂ ಉಸುಕು ಒಡೆದು ಅಂಥಾದ್ದ ಹೆಚ್ಚಾಗತೈತಿ. ಅದನ್ನ ಹೊರಗ ತಗಿಯೂ ಔಷಧಾ ಯಾರ ಕಡೆನೂ ಇಲ್ಲ. ಪದರಾ ಕಟ್ಟಿದ್ರ ನಿಂದ್ರೂದಲ್ಲ ಅದು."

"ಫೋಟೋದಾಗ ಏನರೆ ಕಂಡೈತೇನ್ರಿ?" ಎಂದ ಅಪ್ಪ.

"ಇನ್ನೂ ಕಂಡಿಲ್ಲ. ಕಾಣೂ ಮೊದಲ ಬಂದೀರಿ, ಪುಣ್ಯಾ. ಕಂಡಮ್ಯಾಲ ಬಂದ್ರ ನಾ ಬರೀ ಫೋಟೋ ನೋಡಕೋತ ಕುಂಡ್ರಬೇಕಾಗತೈತಿ. ಇವತ್ತಿಂದ ಇವರು ಆ ಉಸುಕಿನ ಹತ್ರ ಹೋಗಬಾರದು. ಇವರಷ್ಟ ಅಲ್ಲ, ಯಾರೂ. ಅದು ಮನ್ಯಾಗ ಮಾಡೂ ಕೆಲಸನ ಅಲ್ಲ."

ಬಸ್ಸಿನಲ್ಲಿ ಅಪ್ಪ ನನ್ನ ಕಡೆ ತಿರುಗಿದ. ಅವನ ಮುಖ ಕೆಂಪಗಾಗಿತ್ತು.

"ಅಷ್ಟು ದೊಡ್ಡ ಡಾಕ್ಟರ್ ಮುಂದ ಉಸುಕು ಸಾಣಿಸ್ತಾಳ ಅಂತ ಹೇಳೂದಿತ್ತೇನು? ಕೂಲಿ ಮಂದಿ ಅಂತ ತಿಳಕೊಂಡ್ರು ನಮ್ಮನ್ನ."

"ಸಾಣಿಸ್ತಾಳಲ್ಲಪ್ಪ."

"ಮನೀ ಮಾತು ಮನ್ಯಾಗ ಇರಬೇಕು. ನಿನಗ ಬಿ.ಎ. ಓದಿಸಿದ್ದು ಇದಕ್ಕೇನು?"

ಅವ್ವ ಕಿಟಕಿಯ ಕಡೆ ಕುಳಿತಿದ್ದಳು. ತಿರುಗದೆಯೇ ಕೇಳಿದಳು: "ಕೂಲಿ ಮಂದಿ ಅಂದ್ರ ಏನಾತ್ರಿ? ಅವರಿಗೆ ಸಂಜಿಗೆ ಮನಿಗೆ ಹೋಗಂತಾರ."

ಅಪ್ಪನಿಗೆ ಹಚ್ಚಿ ಸಪ್ಪಳ ಹೆಚ್ಚಿಸಲು ಬಸ್ಸಿನಲ್ಲಿ ಟಿ.ವಿ. ಇರಲಿಲ್ಲ.

ಡಾಕ್ಟರ ಮಾತು ಮನೆಯಲ್ಲಿ ನಾಲ್ಕು ದಿನವೂ ಬಾಳಲಿಲ್ಲ. ಅವ್ವ ಔಷಧಿ ಕುಡಿದು ಒಳಗಿದ್ದಳು. ಹಿತ್ತಲಿನಲ್ಲಿ ಹೊಡೆದು ಬಿದ್ದ ಉಸುಕಿನ ಗುಡ್ಡೆ ಹಾಗೆಯೇ ಇತ್ತು. ಬಾದಾಮಿಯಿಂದ ಫೋನಿನ ಮೇಲೆ ಫೋನು. ಅಣ್ಣ ಊಟದ ಹೊತ್ತಿನಲ್ಲಿ ಗಂಗಾಳದ ಅಂಚನ್ನು ಉಗುರಿನಿಂದ ಕೆರೆಯುತ್ತ ಹೇಳಿದ:

"ಲಾಡ್ಜಿನವರು ಯುಗಾದಿಗೆ ಬಣ್ಣಾ ಆಗಬೇಕು ಅನ್ನಾಕತ್ತಾರ. ಇದೊಂದು ಆರ್ಡರ್ ಮುಗಿಸಿಬಿಟ್ರ... ಆಮ್ಯಾಲ ಬ್ಯಾರೆ ಜಾಗಾ ನೋಡ್ತೇನಿ. ಬ್ಯಾರೆ ಮಂದಿ ಇಡ್ತೇನಿ."

"ಬ್ಯಾರೆ ಮಂದಿಗೆ ಎದಿ ಇರಂಗಿಲ್ಲೇನ್ರಿ?" ಎಂದಳು ವೈನಿ.

"ಶೀಲಾ, ನೀ ನಡಕ ಬಾಯಿ ಹಾಕಬ್ಯಾಡ."

"ಹಾಕ್ತೇನಿ. ನನ್ನ ಹೊಟ್ಟ್ಯಾಗಿಂದು ಹೊರಗ ಬಂದು ಅಪ್ಪನ ಅವ್ವ ಎಲ್ಲಿ ಅಂತ ಕೇಳಿದ್ರ ಗ್ರಿಲ್ ತೋರಿಸ್ಲಿ?"

ಅಪ್ಪ ಮಧ್ಯಸ್ಥಿಕೆಗೆ ಬಂದ. ಅಂಗಡಿಯಿಂದ ತಂದಿದ್ದ ಒಂದು ಅರಿವೆಯ ಮಾಸ್ಕನ್ನು ಅವ್ವನ ಮುಂದಿಟ್ಟ. "ತಗೋ. ಇದನ್ನ ಕಟ್ಟಿಕೋ. ಮ್ಯಾಲ ಹಸೀ ಪದರಾ ಸುತ್ತು. ಇದೊಂದು ಸಲ. ಹುಡುಗನ ಹೆಸರಿನ ಪ್ರಶ್ನೆ ಐತಿ. ಏನ ದೊಡ್ಡ ಕೆಲಸಾ, ಕುಂತು ಅಲ್ಲಾಡಿಸೂದು."

ಆಯಿ ಏನೋ ಹೇಳಲು ಬಾಯಿ ತೆರೆದಳು. ಅವ್ವ ಕೈಸನ್ನೆಯಿಂದ ಅವಳನ್ನು ತಡೆದಳು. ಎದ್ದು ಎಲ್ಲರ ಗಂಗಾಳ ಎತ್ತಿಟ್ಟು, ನೆಲ ಸಾರಿಸಿದಳು. ಹೋಗುತ್ತಾಳೆ, ಮತ್ತೆ ಆ ತಾಡಪತ್ರಿಯೊಳಗೆ ಹೋಗಿ ಕೂಡುತ್ತಾಳೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅಣ್ಣ ಟೊಪ್ಪಿಗೆ ಹಾಕಿಕೊಂಡು, ಕಂಪ್ರೆಸರ್ ಹಚ್ಚಿ, ಟ್ಯಾಂಕು ತುಂಬುವುದನ್ನು ಕಾಯುತ್ತ ನಿಂತಿದ್ದ. ಅವ್ವ ಹಿತ್ತಲಿಗೆ ಹೋಗಿ ಸಾಣಿಗೆ ತೆಗೆದುಕೊಂಡಳು. ಆದರೆ ಕೂಡಲಿಲ್ಲ. ತಿರುಗಿ ಒಳಗೆ ಬಂದು, ಪಡಸಾಲೆಯಲ್ಲಿ ಚಾ ಕುಡಿಯುತ್ತಿದ್ದ ಅಪ್ಪನ ಮುಂದೆ ಅದನ್ನು ಇಟ್ಟಳು.

"ಬರ್ರಿ. ಲಾಡ್ಜಿನವರು ಕಾಯಾಕತ್ತಾರಂತ."

"ಯಾರು, ನಾನಾ?"

"ಹೂಂ. ಏನ ದೊಡ್ಡ ಕೆಲಸಾ, ಕುಂತು ಅಲ್ಲಾಡಿಸೂದು. ಮಾಸ್ಕನೂ ತಂದೀರಿ."

ಅಪ್ಪ ನಕ್ಕ. ಯಾರೂ ಕೂಡಿ ನಗಲಿಲ್ಲ. ಅವನು ಆಯಿಯ ಕಡೆ ನೋಡಿದ.

"ಹೋಗೋ ಅಂದಪ್ಪ," ಎಂದಳು ಆಯಿ. "ಇಡೀ ಜಲ್ಮ ಧೂಳಿನ್ಯಾಗ ಕಳದಾಂವ ಅಲ್ಲ ನೀ? ನಿನಗೇನಾಗತೈತಿ, ಗಟ್ಟಮುಟ್ಟ ಅದಿ."

ಅಡುಗೆಮನೆಯ ಬಾಗಿಲಲ್ಲಿ ವೈನಿ, ಅವಳ ಹಿಂದೆ ನಾನು. ಇಷ್ಟು ಮಂದಿ ಹೆಂಗಸರ ಮುಂದೆ ಆಗುವುದಿಲ್ಲ ಎನ್ನಲು ಅಪ್ಪನಿಗೆ ದಾರಿಯೇ ಇರಲಿಲ್ಲ. "ಆತು ತಗೋ," ಎಂದು ಸಾಣಿಗೆ ಎತ್ತಿಕೊಂಡು, ಮಾಸ್ಕ್ ಕಟ್ಟಿ, ಅದರ ಮೇಲೆ ಟವೆಲ್ಲನ್ನು ಹಸಿ ಮಾಡಿ ಸುತ್ತಿ, ಮಣೆ ಹಾಕಿಸಿಕೊಂಡು ತಾಡಪತ್ರಿಯೊಳಗೆ ಕುಳಿತ. ಬೊಗಸೆಯಿಂದ ಉಸುಕು ತುಂಬಿ ಅಲ್ಲಾಡಿಸಿದ. ಬಿಳಿಯ ಹೊಗೆ ಎದ್ದಿತು. ಮತ್ತೆ ತುಂಬಿದ. ಹೊಗೆ ಹೋಗಲು ಜಾಗವಿಲ್ಲದೆ ಅವನ ಮುಖದ ಸುತ್ತಲೇ ತಿರುಗಿ, ಹುಬ್ಬಿನ ಮೇಲೆ, ಹಣೆಯ ವಿಭೂತಿಯ ಮೇಲೆ ಇಳಿಯಿತು. ಕಣ್ಣು ಮುಚ್ಚಿದ, ತೆರೆದ. ಟವೆಲ್ಲು ಜಾರಿತು. ಒಂದು ಸಲ ಕೆಮ್ಮಿದ. ಇನ್ನೂ ಒಂದು ಬುಟ್ಟಿಯೂ ಮುಗಿದಿರಲಿಲ್ಲ, ಕೈ ಚಾಚಿ ಅಣ್ಣನಿಗೆ ಹೇಳಿದ:

"ಅನಿಲ್ಯಾ, ಆ ಟೊಪಗಿ ಇತ್ತ ತಾ."

ಅಣ್ಣ ಟೊಪ್ಪಿಗೆಯೊಳಗಿಂದ ಅಪ್ಪನನ್ನು ನೋಡಿದ. ಆ ಗಾಜು ಆಮೇಲೆ ಅವ್ವನ ಕಡೆ ತಿರುಗಿತು.

ಅವ್ವ ಸಾವಕಾಶವಾಗಿ ಕೇಳಿದಳು: "ಯಾಕ್ರಿ? ಟೊಪಗಿ ಕೆಲಸಾ ಮಾಡಾವ್ರಿಗೆ. ನೀವು ಮನ್ಯಾಗ ಆರಾಮ ಅದೀರಲ್ಲ."

ಅಪ್ಪ ಚಾಚಿದ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡ. ಅಣ್ಣ ಕಂಪ್ರೆಸರ್ ಬಂದ್ ಮಾಡಿದ. ಟೊಪ್ಪಿಗೆ ತೆಗೆದ. ಅದರೊಳಗಿನ ಮುಖ ಸ್ವಚ್ಛವಾಗಿತ್ತು, ಹುಬ್ಬು ಕಪ್ಪಗಿತ್ತು. ಅದನ್ನು ಯಾರೂ ನೋಡಬಾರದೆಂಬಂತೆ ಅವನು ಗೋಡೆಯ ಕಡೆ ತಿರುಗಿದ.

ಅವನು ತಪ್ಪಾಯಿತು ಎಂದು ಹೇಳಿದ ಎಂದು ಬರೆಯುವ ಆಸೆ ನನಗಿದೆ. ಹೇಳಲಿಲ್ಲ. ತಾಡಪತ್ರಿಯ ಹಗ್ಗ ಬಿಚ್ಚಿದ. ಉಸುಕಿನ ಗುಡ್ಡೆಯ ಮೇಲೆ ಕೊಡಗಟ್ಟಲೆ ನೀರು ಸುರಿದ, ಧೂಳು ಏಳದ ಹಾಗೆ. ಬಾದಾಮಿಗೆ ಫೋನು ಮಾಡಿ, "ಕೈಲೆ ತಿಕ್ಕಿದ್ದು ನಡೀತೈತಿ ಅಂದ್ರ ತಿಕ್ಕಿ ಕೊಡ್ತೇನಿ, ಇಲ್ಲಂದ್ರ ನಿಮ್ಮ ಸಾಮಾನ ಹಂಗ ಕಳಸ್ತೇನಿ," ಎಂದ. ಆ ಕಡೆಯವರು ಬಯ್ದದ್ದು ನಮಗೂ ಕೇಳಿಸಿತು. ಅರ್ಧ ಬೆಳ್ಳಗಾದ, ಅರ್ಧ ಜಂಗು ಉಳಿದ ಗ್ರಿಲ್ಲುಗಳು ಸಂಜೆಯ ಗಾಡಿಯ ಮೇಲೆ ವಾಪಸು ಹೋದವು. ಅಬೇದಾ ತನ್ನ ಬಾಗಿಲಲ್ಲಿ ನಿಂತು ನೋಡಿ, "ಸತ್ಯಕ್ಕಾ, ಇವತ್ತರೆ ಹುಬ್ಬು ತೊಳಕೊಂಡಿಯೇನಬೇ?" ಎಂದು ಕೂಗಿದಳು.

ಅಪ್ಪ ಮಾತ್ರ ದಿನವಿಡೀ ಕಾರಣ ಹೇಳುತ್ತಿದ್ದ. ಟವೆಲ್ಲು ಸಡಿಲಿತ್ತು, ಉಸುಕು ಆ ಸಲದ್ದು ಕೆಟ್ಟದ್ದಿತ್ತು, ಮಣೆ ತಗ್ಗಿತ್ತು. ಊಟಕ್ಕೆ ಕುಳಿತಾಗ ಅವನು ರೊಟ್ಟಿಯನ್ನು ಮುರಿದು, ಬಾಯಿಗಿಡುವ ಮೊದಲು ಬೆಳಕಿಗೆ ಹಿಡಿದು ನೋಡಿದ.

ಅಡುಗೆಮನೆಯಲ್ಲಿ ಅವ್ವ ಉಳಿದ ರೊಟ್ಟಿ ಬಡಿಯುತ್ತಿದ್ದಳು. ಪಟಪಟ ಎನ್ನುತ್ತಿದ್ದ ಸಪ್ಪಳ ನಡುವೆ ನಿಂತಿತು. ಕೆಮ್ಮು ಬಂತು, ನಿಲ್ಲಲಿಲ್ಲ. ಅಪ್ಪನ ಕೈ ತನ್ನಷ್ಟಕ್ಕೆ ಟಿ.ವಿ.ಯ ರಿಮೋಟು ಇರುವ ಜಾಗಕ್ಕೆ ಹೋಗಿ ತಡಕಾಡಿತು.

ರಿಮೋಟು ಆಯಿಯ ತೊಡೆಯ ಕೆಳಗಿತ್ತು. ಅವಳು ಅದರ ಮೇಲೆ ಇನ್ನಷ್ಟು ಗಟ್ಟಿಯಾಗಿ ಕುಳಿತಳು.

"ಕೇಳು," ಎಂದಳು.